ವ್ರಾಬೊವಾತ್ಸ್ ಪುರಸಭೆಯ ಬಾಗಿದ ಪಿನ್ನುಗಳು

ವ್ರಾಬೊವಾತ್ಸ್ ಪುರಸಭೆಯಲ್ಲಿ ಅಧ್ಯಕ್ಷರು ತಪ್ಪು ಮಾಡುವುದಿಲ್ಲ. ಇದು ನಿಯಮಾವಳಿಯಲ್ಲಿ ಬರೆದಿಲ್ಲ. ಬರೆಯುವ ಅಗತ್ಯ ಈವರೆಗೆ ಯಾರಿಗೂ ಕಂಡುಬಂದಿಲ್ಲ.

ಆದ್ದರಿಂದ, ಪುರಸಭೆಯ ಏಕೈಕ ಕಂಪ್ಯೂಟರಿಗೆ ಹೊಸ ಪ್ರೊಸೆಸರ್ ತೊಡಿಸುವ ಸಮಾರಂಭದಲ್ಲಿ ಅಧ್ಯಕ್ಷ ರಾದಿಸಾವ್ ಅವರು ಆ ಚೌಕದ ಬಿಲ್ಲೆಯನ್ನು ಬಾಯಿಂದ ಊದಿ, ಮದರ್‌ಬೋರ್ಡಿನ ಸಾಕೆಟ್ಟಿನ ಮೇಲಿಟ್ಟು, ಸೇವೆಯುದ್ದಕ್ಕೂ ಮೊಹರು ಒತ್ತಿ ಪಳಗಿದ ಕೈಯಿಂದ ಧಡ್ ಎಂದು ಒತ್ತಿದಾಗ ಯಾರೂ ತಡೆಯಲಿಲ್ಲ. ಸರಿಯಾಗಿ ಮೂಡಿರಲಿಕ್ಕಿಲ್ಲ ಎನಿಸಿ ಇನ್ನೊಮ್ಮೆ ಒತ್ತಿದರು. ಚಪ್ಪಾಳೆ ಬಿತ್ತು. ಕಂಪ್ಯೂಟರು ಮಾತ್ರ ಏಳಲಿಲ್ಲ.

ಚಪ್ಪಾಳೆ ತಟ್ಟದವಳು ಜನನ-ಮರಣ ವಿಭಾಗದ ಸ್ಟಾಮೆಂಕಾ ಒಬ್ಬಳೇ. ಅವಳ ನಿವೃತ್ತಿ ಆದೇಶ ಆ ಪೆಟ್ಟಿಗೆಯೊಳಗಿತ್ತು. ಕೈಬರಹದ ನಿವೃತ್ತಿ ಊರ್ಜಿತವಲ್ಲ. ಶುಕ್ರವಾರ ಆದೇಶ ಅಚ್ಚಾಗಿ ಬಂದರೆ ಸೋಮವಾರ ಅವಳು ದ್ರಿನಾ ನದಿಯ ಮೇಲೆ, ಸ್ವಂತ ದೋಣಿಯಲ್ಲಿ, ಗಾಳ ಹಾಕಿಕೊಂಡು ಕೂತಿರಬೇಕು. ದೋಣಿಗೆ ಬಣ್ಣವನ್ನೂ ಬಳಿದಾಗಿತ್ತು.

"ಇವನ ಕೈ ಸೇದಿಹೋಗ!" ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡದ್ದು ಪಕ್ಕದಲ್ಲಿದ್ದ ತಂತ್ರಜ್ಞ ಒಗ್ನ್ಯೆನನಿಗೆ ಸ್ಪಷ್ಟವಾಗಿ ಕೇಳಿಸಿತು. ಅವನು ಭೂತಗನ್ನಡಿ ಹಿಡಿದು ಸಾಕೆಟ್ಟಿನೊಳಗೆ ಇಣುಕಿದ.

"ಪಿನ್ನುಗಳು ಬಾಗಿವೆ ಚಿಕ್ಕಮ್ಮ. ಮುರಿದಿಲ್ಲ. ಸೂಜೀಲಿ ಒಂದೊಂದೇ ಮೆಲ್ಲಗೆ ಎತ್ತಿದ್ರೆ ನೆಟ್ಟಗಾಗ್ತವೆ."

"ಮತ್ತೆ ನನ್ನ ಮುಖ ಏನ್ ನೋಡ್ತೀಯ? ಎತ್ತೋ!"

"ಯಾಕೆ ಬಾಗಿದ್ವು ಅಂತ ತನಿಖೆ ಆಗ್ದೆ ಮುಟ್ಟೋ ಹಾಗಿಲ್ಲ."

ತನಿಖಾ ಸಮಿತಿ ರಚನೆಯಾಯಿತು. ಘಟನೆಗೆ ಎಲ್ಲರಿಗಿಂತ ಹತ್ತಿರದಲ್ಲಿದ್ದವರು ಎಂಬ ಕಾರಣಕ್ಕೆ ರಾದಿಸಾವ್ ಅವರೇ ಅದರ ಮುಖ್ಯಸ್ಥರಾದರು. ಸಮಿತಿಯು ಕಾಫಿ ಕುಡಿದು, ಕೋಣೆಯನ್ನು ಸುತ್ತಿ ನೋಡಿ, ಕಿಟಕಿಯೂ ಅದರೆದುರಿನ ಬಾಗಿಲೂ ಒಟ್ಟಿಗೆ ತೆರೆದಿದ್ದನ್ನು ಪತ್ತೆಹಚ್ಚಿತು. ಎದುರುಬದುರು ತೆರೆದ ಜಾಗದಲ್ಲಿ ನುಗ್ಗುವ ಗಾಳಿ ಏನು ಮಾಡುತ್ತದೆಂದು ವ್ರಾಬೊವಾತ್ಸ್‌ನಲ್ಲಿ ಹಸುಗೂಸಿಗೂ ಗೊತ್ತು. ಕತ್ತು ಹಿಡಿಯುವುದು, ಹಲ್ಲು ಜುಮ್ಮೆನ್ನುವುದು, ಅತ್ತೆ-ಸೊಸೆ ಮಾತು ಬಿಡುವುದು ಎಲ್ಲಾ ಅದರಿಂದಲೇ. ಮಧ್ಯಾಹ್ನವೇ ಪ್ರಕಟಣೆ ಹೊರಬಿತ್ತು:

"ಗಾಳಿ ಹೊಡೆದ ಪರಿಣಾಮವಾಗಿ ಸದರಿ ಕಂಪ್ಯೂಟರಿಗೆ ಸೊಂಟ ಹಿಡಿದುಕೊಂಡಿರುವುದು ದೃಢಪಟ್ಟಿದೆ. ಕರ್ತವ್ಯದ ವೇಳೆಯಲ್ಲಿ ತಗುಲಿದ ಬೇನೆಯಾದ್ದರಿಂದ ವೇತನಸಹಿತ ಅನಾರೋಗ್ಯ ರಜೆ ಮಂಜೂರು ಮಾಡಲಾಗಿದೆ. ರಜೆಯಲ್ಲಿರುವ ನೌಕರನಿಂದ ಕೆಲಸ ಮಾಡಿಸುವುದು ದಂಡನಾರ್ಹ."

ಕಂಪ್ಯೂಟರಿಗೆ ಉಣ್ಣೆಯ ಶಾಲು ಹೊದಿಸಲಾಯಿತು. ನೋವಿದ್ದ ಕಡೆ ಪ್ಲಮ್ ಸಾರಾಯಿ ಹಚ್ಚಿ ತಿಕ್ಕಬೇಕೆಂಬ ಸಲಹೆಯನ್ನು ಸಮಿತಿ ಸದಸ್ಯರು ತಾವೇ ಕುಡಿದು ಇತ್ಯರ್ಥಗೊಳಿಸಿದರು.

ಸ್ಟಾಮೆಂಕಾಳ ಪಿತ್ತ ನೆತ್ತಿಗೇರಿತು. ಎಲ್ಲರೂ ಊಟಕ್ಕೆ ಹೋದಾಗ ಒಗ್ನ್ಯೆನನನ್ನು ಎಳೆದು ತಂದು ಬಾಗಿಲು ಜಡಿದಳು. ಅವನು ಉಸಿರು ಬಿಗಿಹಿಡಿದು, ಒಂದೊಂದೇ ಪಿನ್ನಿನ ಅಡಿಗೆ ಸೂಜಿಯ ಮೊನೆ ತೂರಿಸಿ ಎತ್ತಿದ, ಪ್ರೊಸೆಸರನ್ನು ಒತ್ತದೆ ಸುಮ್ಮನೆ ಕೂರಿಸಿದ. ಪರದೆ ಬೆಳಗಿತು. ಅವಳ ಆದೇಶವೂ ಕಾಣಿಸಿತು. ಆಗಲೇ ಅಧ್ಯಕ್ಷರು ತಮ್ಮ ಬೀಗದ ಕೈಯಿಂದ ಬಾಗಿಲು ತೆಗೆದು ಒಳಗೆ ಬಂದರು.

"ನಾಚಿಕೆ ಆಗಲ್ವೇನ್ರೀ ಸ್ಟಾಮೆಂಕಾ? ಕಾಯಿಲೆ ಬಿದ್ದವರನ್ನ ಎಬ್ಬಿಸಿ ದುಡಿಸ್ತಿದೀರಲ್ಲ!"

"ವಾಸಿ ಆಗಿದೆ ಸ್ವಾಮಿ. ಪಿನ್ನುಗಳು ನೆಟ್ಟಗೆ ನಿಂತಿವೆ, ನೀವೇ ನೋಡಿ."

"ಮೇಲ್ನೋಟಕ್ಕೆ ಎಲ್ಲರೂ ನೆಟ್ಟಗೇ ಕಾಣ್ತಾರೆ," ಎಂದು ಅಧ್ಯಕ್ಷರು ತಂತಿ ಕಿತ್ತರು.

ಗಟ್ಟಿಮುಟ್ಟಾದ ನೌಕರನನ್ನು ರಜೆಯಲ್ಲಿಡುವುದು ಅಕ್ರಮ. ಸಮಿತಿಯ ವರದಿ ಸುಳ್ಳೆನ್ನುವುದು ಅದಕ್ಕಿಂತ ದೊಡ್ಡ ಅಕ್ರಮ. ಸಮಿತಿ ಮತ್ತೆ ಸೇರಿ ನಡುದಾರಿ ಕಂಡುಕೊಂಡಿತು: ಕಂಪ್ಯೂಟರಿಗೆ ಪೂರ್ಣ ಪಿಂಚಣಿಯೊಂದಿಗೆ ನಿವೃತ್ತಿ. ಆದೇಶವನ್ನು ಕೈಯಲ್ಲೇ ಬರೆಯಲು ವಿಶೇಷ ಅನುಮತಿ ಕೊಡಲಾಯಿತು, ಏಕೆಂದರೆ ಅಚ್ಚು ಹಾಕಬೇಕಾದವನೇ ನಿವೃತ್ತನಾಗುತ್ತಿದ್ದ. ಈ ವರ್ಷ ನಿವೃತ್ತಿಗೆ ಮಂಜೂರಾಗಿದ್ದುದು ಒಂದೇ ಜಾಗ. ಸ್ಟಾಮೆಂಕಾಳ ಸರದಿಯನ್ನು ಮುಂದೂಡಲಾಗಿದೆ ಎಂದು ಅವಳಿಗೆ ಸವಿನಯವಾಗಿ ತಿಳಿಸಲಾಯಿತು.

ಶುಕ್ರವಾರ ಬೀಳ್ಕೊಡುಗೆ. ಇಡೀ ಹಂದಿಯನ್ನು ಸುಟ್ಟಿದ್ದರು. ಕಂಪ್ಯೂಟರಿನ ತಂತಿಗೆ ಕೈಗಡಿಯಾರ ಕಟ್ಟಿದರು. ಸಹೋದ್ಯೋಗಿಗಳ ಪರವಾಗಿ ಎರಡು ಮಾತಾಡಲು ಸ್ಟಾಮೆಂಕಾಳನ್ನು ಕರೆದರು.

"ನಲವತ್ತು ವರ್ಷ ಇದೇ ಕಿಟಕಿ ಪಕ್ಕ ಕೂತಿದ್ದೆ," ಎಂದಳು ಅವಳು. "ನಂಗ್ಯಾಕೆ ಏನೂ ಬಡೀಲಿಲ್ಲ?" ಅಷ್ಟಕ್ಕೇ ಗೊಳೋ ಎಂದು ಅತ್ತಳು. ನಿವೃತ್ತರ ಜನಪ್ರಿಯತೆಗೆ ಇದೇ ಸಾಕ್ಷಿ ಎಂದು ನಡಾವಳಿಯಲ್ಲಿ ದಾಖಲಿಸಲಾಯಿತು.

ಸೋಮವಾರ ಸ್ಟಾಮೆಂಕಾ ಸೊಂಟ ಹಿಡಿದುಕೊಂಡು, ನೆಲ ನೋಡಿಕೊಂಡು ಕಚೇರಿಗೆ ಬಂದಳು. ನೆಲವನ್ನೇ ನೋಡುತ್ತಿದ್ದುದರಿಂದ ಮೊದಲು ಕಂಡದ್ದು ಬೂಟುಗಳು, ಸಮಿತಿ ಕೋಣೆಯ ಮುಂದೆ ಸಾಲಾಗಿ. ಕಂದಾಯ ವಿಭಾಗ, ನೀರು ಸರಬರಾಜು, ಕಾವಲುಗಾರ, ಎಲ್ಲರೂ ನಡು ಬಗ್ಗಿಸಿ ನಿಂತಿದ್ದರು. ಸಾಲಿನ ತುದಿಗೆ ರಾದಿಸಾವ್.

"ಅಧ್ಯಕ್ಷರೇ, ನಿಮಗೂನಾ?"

"ಏನ್ ಮಾಡೋದಮ್ಮ, ವಯಸ್ಸಾಯ್ತಲ್ಲ. ನೀವು ಇನ್ನೂ ಸ್ವಲ್ಪ ಬಗ್ಗಬೇಕು, ಇಷ್ಟಕ್ಕೆಲ್ಲ ಸಮಿತಿ ನಂಬಲ್ಲ."

ಅವಳು ಬಗ್ಗಿದಳು. ಅಷ್ಟರಲ್ಲಿ ಒಗ್ನ್ಯೆನ್ ಸಿಳ್ಳೆ ಹಾಕುತ್ತಾ ನೆಟ್ಟಗೆ ನಡೆದು ಬಂದ. ಅಶಿಸ್ತಿಗಾಗಿ ಅವನಿಗೆ ಸ್ಥಳದಲ್ಲೇ ನೋಟೀಸು ಕೊಡಲಾಯಿತು.

"ನಾನೇನ್ ಮಾಡ್ದೆ ಚಿಕ್ಕಮ್ಮ?"

"ಬಾಯ್ಮುಚ್ಕೊಂಡು ಬಗ್ಗೋ," ಎಂದಳು ಸ್ಟಾಮೆಂಕಾ ತಲೆಯೆತ್ತದೆ. "ನನ್ನ ಹಿಂದೆ ನಿಲ್ಲು. ಮುಂದೆ ನುಗ್ಗಿದ್ರೆ ಕಾಲು ಮುರೀತೀನಿ."