ರೋಬೋಟು ಕೊಟ್ಟ ನಿಂಬೆಹಣ್ಣು

ಇಂಜೆಕ್ಷನ್ ಔಷಧಿಯ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಅಂದ ಕೂಡಲೇ ಹೊಸಪೇಟೆಯ ನಮ್ಮ ಓಣಿಯವರು ನನ್ನನ್ನು ಅರ್ಧ ಡಾಕ್ಟರ್ ಎಂದು ತಿಳಿದು ಮೊಣಕಾಲು ತೋರಿಸುತ್ತಾರೆ. ನನ್ನ ಕೆಲಸ ಇಷ್ಟೇ: ಗಾಜಿನ ಸೀಸೆ ಒಡೆಯದಂತೆ ನೋಡಿಕೊಳ್ಳುವುದು, ಒಡೆದಾಗ ಬೈಸಿಕೊಳ್ಳುವುದು. ಇಂಥ ಕಡೆ ದಿನಕ್ಕೊಂದು ಫಜೀತಿ ಮೊದಲೂ ಇತ್ತು. ರೋಬೋಟು ಬಂದ ಮೇಲೆ ಅದು ಹೊತ್ತಿಗೊಂದಾಯಿತು.

ಹಳದಿ ಗೆರೆ

ರೋಬೋಟು ಅಂದರೆ ನಡೆದಾಡುವ ಗೊಂಬೆಯಲ್ಲ. ಒಂದೇ ಒಂದು ಉದ್ದನೆಯ ತೋಳು, ತುದಿಗೆ ರಬ್ಬರಿನ ಎರಡು ಬೆರಳು. ಖಾಲಿ ಸೀಸೆಗಳನ್ನು ಟ್ರೇಯಿಂದ ಎತ್ತಿ ಎದುರಿನ ಮೇಜಿನ ಮೇಲೆ ಸಾಲಾಗಿ ಇಡಬೇಕು. ಇಷ್ಟು ವರ್ಷ ಆ ಕೆಲಸ ಮಾಡಿದವಳು ಕಂಪ್ಲಿಯ ಅಕ್ಕ. ರೋಬೋಟು ಪಾಸಾದ ದಿನವೇ ಅಕ್ಕನನ್ನು ಮನೆಗೆ ಕಳಿಸಬೇಕೆಂದು ಹೆಡ್ ಆಫೀಸಿನಿಂದ ಹುಕುಂ ಬಂದಿತ್ತು. ಅದನ್ನು ಆಕೆಗೆ ಹೇಳುವ ದರಿದ್ರ ಕೆಲಸವೂ ನನ್ನ ಪಾಲಿಗೇ ಬಂತು.

ತೋಳಿನ ಸುತ್ತ ನೆಲಕ್ಕೆ ಹಳದಿ ಗೆರೆ ಎಳೆದಿದ್ದರು. ಯಾರಾದರೂ ಅದನ್ನು ದಾಟಿದರೆ ತೋಳು ತಾನಾಗಿ ನಿಂತುಬಿಡುತ್ತದೆ. ಮೊದಲ ದಿನ ಎಷ್ಟು ಸಲ ನಿಂತಿತೆಂದರೆ, ಅದನ್ನು ಕೂರಿಸಲು ಬೆಂಗಳೂರಿನಿಂದ ಬಂದಿದ್ದ ಎಂಜಿನಿಯರ್ ತಲೆ ಮೇಲೆ ಕೈ ಹೊತ್ತು ಕೂತ. ತಪ್ಪು ಮಷೀನಿನದಲ್ಲ. ಕೆಲಸ ಮಾಡುತ್ತ ಕೂತ ಮನುಷ್ಯನನ್ನು ಮಾತಾಡಿಸದೆ ಹೋಗುವುದು ನಮ್ಮ ಕಡೆ ಯಾರಿಂದಲೂ ಆಗುವುದಿಲ್ಲ. ಕಸ ಗುಡಿಸುವವರಿಂದ ಹಿಡಿದು ಗೇಟಿನ ಸೆಕ್ಯೂರಿಟಿಯವರವರೆಗೆ ಎಲ್ಲರೂ ಗೆರೆ ದಾಟಿ ಅವನ ಹತ್ತಿರ ಬಂದು, "ಊಟ ಆತೇನ್ರಿ ಸರ?" ಎಂದು ಕೇಳಿ ಹೋಗುತ್ತಿದ್ದರು.

"ನನ್ನ ಊಟ ಆಗಿದೆ ಅಂತ ಬೋರ್ಡ್ ಹಾಕ್ಬಿಡಿ ಸಾರ್!" ಎಂದು ಅವನು ಚೀರಿದ. ಹಾಕಿದೆ. ಮರುದಿನ ಸೆಕ್ಯೂರಿಟಿಯವರು ಬೋರ್ಡನ್ನು ಪೂರ್ತಿ ಓದಿ, ಗೆರೆ ದಾಟಿ ಬಂದು ಕೇಳಿದರು: "ಏನ್ ಊಟ ಮಾಡಿದ್ರಿ?"

ಪಾಠ

ಊಟದ ವಿಚಾರಣೆ ಮುಗಿದ ಮೇಲೆ ಗಾಜಿನ ಕಾಟ ಶುರುವಾಯಿತು. ತೋಳು ಬಿಗಿಯಾಗಿ ಹಿಡಿದರೆ ಸೀಸೆ ಚಟ್ ಎನ್ನುತ್ತಿತ್ತು, ಸಡಿಲ ಮಾಡಿದರೆ ಜಾರಿ ಬೀಳುತ್ತಿತ್ತು. ಎಂಜಿನಿಯರ್ ಲ್ಯಾಪ್‌ಟಾಪು ಕುಟ್ಟಿದ, ತೋಳು ಸೀಸೆ ಕುಟ್ಟಿತು. ಅಕ್ಕ ಮೂಲೆಯಲ್ಲಿ ನಿಂತು ನೋಡುತ್ತಿದ್ದಳು. ಆಕೆಯ ತವರಿನವರು ಬಳೆ ಮಾರುವವರು. ಎಂಥ ದಪ್ಪ ಕೈಗೂ ಗಾಜಿನ ಬಳೆ ಒಡೆಯದೆ ಏರಿಸುವ ಮನೆತನ.

"ಏನ್ರಿ ಸರ, ಅದು ಸೀಸೆ ಹಿಡಿಯಾಕತ್ತೈತೋ, ಕಳ್ಳನ್ನ ಹಿಡಿಯಾಕತ್ತೈತೋ? ಮೊದ್ಲು ನಿಂಬಿಹಣ್ಣು ಹಿಡಿಯಾಕ ಕಲಸ್ರಿ. ರಸ ಬಂದ್ರ ಬಿಗಿ ಆತು, ಕೆಳಗ ಬಿದ್ರ ಸಡ್ಲ ಆತು."

ನಾನು ಆಕೆಯನ್ನು ಪಕ್ಕಕ್ಕೆ ಕರೆದೆ. "ಅಕ್ಕಾ, ಅದು ಕಲಿತ್ರ ನಿನ್ನ ಕೆಲಸ ಹೊಕ್ಕೈತಿ. ಸುಮ್ನಿರು."

"ಹೋದ್ರ ಹೋಗ್ಲಿ ಬಿಡೋ ತಮ್ಮಾ. ಕಣ್ಮುಂದ ಗಾಜು ಒಡೆಯೋದು ನನ್ ಕೈಲಿ ನೋಡಾಕಾಗಂಗಿಲ್ಲ."

ಎಂಜಿನಿಯರನಿಗೆ ಬೇರೆ ದಾರಿಯಿರಲಿಲ್ಲ. ಕ್ಯಾಂಟೀನಿನ ನಿಂಬೆಹಣ್ಣು ತಂದು ಮೂರು ದಿನ ಪಾಠ ನಡೆಸಿದ. ನಾಲ್ಕನೇ ದಿನ ತೋಳು ನಿಂಬೆಹಣ್ಣನ್ನೂ ಸೀಸೆಯನ್ನೂ ಕೂಸು ಎತ್ತಿದ ಹಾಗೆ ಎತ್ತಿತು. ಮಷೀನಿನಲ್ಲಿ ಎರಡು ಪಾಠಗಳು ಉಳಿದವು: ಒಂದನೇ ನಂಬರು ನಿಂಬೆ, ಎರಡನೇದು ಸೀಸೆ. ಅಷ್ಟರಲ್ಲಿ ಕ್ಯಾಂಟೀನಿನ ಅಡಿಗೆಯವರು ಸೌಟು ಹಿಡಿದೇ ಬಂದರು. "ನಿಮ್ಮ ಮಷೀನು ದಿನಕ್ಕ ಎಷ್ಟು ಶರಬತ್ತು ಕುಡಿತೈತ್ರಿ?"

ಮರ್ಯಾದೆ

ರೋಬೋಟನ್ನು ಪಾಸು ಮಾಡಲು ಹೆಡ್ ಆಫೀಸಿನ ಸಾಹೇಬರು ಬಂದರು. ದೊಡ್ಡವರು ಬಂದರೆ ಕೈಗೊಂದು ನಿಂಬೆಹಣ್ಣು ಕೊಡುವುದು ನಮ್ಮ ಪದ್ಧತಿ. ಅಡಿಗೆಯವರ ಕಣ್ಣು ತಪ್ಪಿಸಿ ಬುಟ್ಟಿಯನ್ನೇ ಎತ್ತಿಕೊಂಡು ಬಂದವನು, ಗಡಿಬಿಡಿಯಲ್ಲಿ ಹಣ್ಣನ್ನೆಲ್ಲ ರೋಬೋಟಿನ ಟ್ರೇಗೆ ಸುರಿದೆ. ಎಂಜಿನಿಯರ್ ಹಾರ ತರಲು ಗೇಟಿಗೆ ಹೋಗಿದ್ದ. "ಶುರು ಮಾಡಿ" ಎಂದರು ಸಾಹೇಬರು. ಅವಸರದಲ್ಲಿ ಎರಡರ ಬದಲು ಒಂದನೇ ನಂಬರು ಒತ್ತಿದೆ.

ತೋಳು ಒಂದು ನಿಂಬೆಹಣ್ಣನ್ನು ನಯವಾಗಿ ಎತ್ತಿ, ಗೆರೆಯ ಹೊರಗೆ ನಿಂತಿದ್ದ ಸಾಹೇಬರ ಎದುರಿನ ಮೇಜಿನ ಮೇಲಿಟ್ಟಿತು. ಸಾಹೇಬರು ಕರಗಿಹೋದರು. "ಮಷೀನಿಗೂ ಸಂಸ್ಕಾರ ಕಲಿಸಿದ್ದೀರಲ್ರೀ!" ಎಂದು ಎರಡೂ ಕೈಯಲ್ಲಿ ತೆಗೆದುಕೊಂಡರು. ಇನ್ನೊಂದು ಬಂತು. ಕೊಟ್ಟ ಮರ್ಯಾದೆಯನ್ನು ಬಿಡುವುದುಂಟೇ? ತೆಗೆದುಕೊಂಡರು. ಐದನೆಯದಕ್ಕೆ ಬೊಗಸೆ ತುಂಬಿತು, ಎಂಟಕ್ಕೆ ಕೋಟಿನ ಜೇಬು ತುಂಬಿತು. ಹತ್ತನೆಯದನ್ನು ಕಂಕುಳಲ್ಲಿ ಇರುಕಿಕೊಂಡು, "ಸಾಕು ಅನ್ರೀ ಅದಕ್ಕೆ!" ಎಂದು ಕೂಗಿದರು. ನಾನು ಸಿಕ್ಕಸಿಕ್ಕ ಗುಂಡಿ ಒತ್ತಿದೆ. ತೋಳಿನ ವೇಗ ಹೆಚ್ಚಾಯಿತು.

ಆಗ ಅಕ್ಕ ಸೆರಗು ಸರಿಮಾಡಿಕೊಂಡು ಸಾವಕಾಶ ಬಂದು, ಹಳದಿ ಗೆರೆ ದಾಟಿ ನಿಂತಳು. ತೋಳು ಗಪ್ಪನೆ ನಿಂತಿತು. ಬಂದವಳು ಸುಮ್ಮನಿರಬೇಕಲ್ಲ. "ಊಟ ಆತೇನ್ರಿ ಸಾಹೇಬ್ರ?"

"ಯಾರ್ರೀ ಇವರು?"

"ಇವತ್ತು ಮನೆಗೆ ಕಳಿಸಬೇಕಾದವರು ಸಾರ್" ಎಂದೆ.

"ಬುದ್ಧಿ ಇದೆಯೇನ್ರೀ? ಇದನ್ನು ನಿಲ್ಲಿಸೋಕೆ ನಿಮಗೆ ಬರುತ್ತಾ? ಇವರು ಇಲ್ಲೇ ಇರಲಿ. ಇವತ್ತಿನಿಂದ ಇದು ಇವರು ಹೇಳಿದ ಹಾಗೆ ಕೇಳಬೇಕು, ನೀವೂ ಅಷ್ಟೇ."

ನನ್ನ ಕಣ್ಣು ಒದ್ದೆಯಾಯಿತು. ನಿಂಬೆರಸ ಸಿಡಿಯಿತೆಂದು ಎಲ್ಲರಿಗೂ ಹೇಳಿದೆ. ಸಾಹೇಬರು ಉಬ್ಬಿದ ಜೇಬುಗಳೊಂದಿಗೆ ಕಾರು ಹತ್ತುವಷ್ಟರಲ್ಲಿ ಅಕ್ಕ ಖಾಲಿ ಬುಟ್ಟಿ ಹಿಡಿದು ಓಡಿ ಬಂದು ಕಿಟಕಿ ತಟ್ಟಿದಳು. ಕೃತಜ್ಞತೆ ಹೇಳುತ್ತಾಳೆಂದು ಸಾಹೇಬರು ಗಾಜು ಇಳಿಸಿದರು.

"ಸಾಹೇಬ್ರ, ಮರ್ಯಾದಿಗೆ ಒಂದು ಇಟ್ಕೊಂಡು ಉಳಿದವು ಕೊಟ್ಬಿಡ್ರಿ. ಕ್ಯಾಂಟೀನಿನ್ಯಾಗ ಹುಳಿ ಹಿಂಡಾಕ ಹಣ್ಣಿಲ್ದ ಒಗ್ಗರಣಿ ಮಂಡಕ್ಕಿ ನಿಂತೈತಿ."