ಕಾಲಿಗೆ ಬಿಡುವು ಕೊಡದ ಸೈಕಲ್ ಮಾರಿದ ಮಹನೀಯರಿಗೆ

ಸೈಕಲ್ ಅಂಗಡಿಯ ಮಾನ್ಯ ಮಾಲೀಕರೇ,

ತಮ್ಮ ಅಂಗಡಿಯ ಗಾಜಿನ ಬಾಗಿಲು ಸದಾ ಹೊಳೆಯುತ್ತಿರಲಿ, ತಮ್ಮ ಮಂಡಿಗಳಿಗೆ ನನ್ನ ಮಂಡಿಗಳ ಗತಿ ಬಾರದಿರಲಿ ಎಂದು ಹಾರೈಸುತ್ತಾ, ಒಂದು ಕೈಯಲ್ಲಿ ಮುಲಾಮು, ಇನ್ನೊಂದರಲ್ಲಿ ಪೆನ್ನು ಹಿಡಿದು ಈ ಬಹಿರಂಗ ಪತ್ರವನ್ನು ಬರೆಯುತ್ತಿದ್ದೇನೆ.

ಕಳೆದ ತಿಂಗಳು ಹಳೆಯ ಸೈಕಲ್ಲಿನ ಟೈರ್ ಬದಲಿಸಲು ಬಂದವನಿಗೆ ತಾವು ಫಿಕ್ಸೆಡ್ ಗೇರ್ ಸೈಕಲ್ಲಿನ ದರ್ಶನ ಮಾಡಿಸಿದಿರಿ. ಮಡ್‌ಗಾರ್ಡ್ ಇಲ್ಲ, ಸ್ಟ್ಯಾಂಡ್ ಇಲ್ಲ, ಬೆಲ್ ಇಲ್ಲ, ಕ್ಯಾರಿಯರ್ ಇಲ್ಲ. ಇಷ್ಟೊಂದು ಇಲ್ಲಗಳನ್ನು ಇಷ್ಟು ಅಂದವಾಗಿ ಜೋಡಿಸಿದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ. ಬ್ರೇಕ್ ಎಲ್ಲಿ ಎಂದು ಕೇಳಿದ್ದಕ್ಕೆ, "ಬ್ರೇಕ್ ಯಾಕೆ ಸಾರ್? ನಿಮ್ಮ ಕಾಲೇ ಬ್ರೇಕು. ಗಾಡಿ ಬೇರೆ, ನೀವು ಬೇರೆ ಅನ್ನೋದೇ ಇರಲ್ಲ" ಎಂದಿರಿ. ಐವತ್ತೆರಡು ವರ್ಷದ ಈ ಬುಕ್ ಬೈಂಡರ್ ಅಷ್ಟಕ್ಕೇ ಕರಗಿ ನೀರಾದ. ದಿನವೂ ಹಳೆಯ ಸೈಕಲ್ಲಿನ ಕ್ಯಾರಿಯರ್ ಮೇಲೆ ಕುಳಿತು ಆಸ್ಪತ್ರೆಗೆ ಹೋಗುವ ನರ್ಸ್ ಹೆಂಡತಿಯನ್ನು ಒಂದು ಮಾತೂ ಕೇಳದೆ, ಅದನ್ನು ತಮಗೊಪ್ಪಿಸಿ ಇದನ್ನು ತಂದ.

ತಮ್ಮ ಮಾತು ಅಕ್ಷರಶಃ ನಿಜವಾಯಿತು. ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತದೆ, ಪೆಡಲ್ ತಿರುಗುವಷ್ಟು ಹೊತ್ತೂ ನನ್ನ ಕಾಲು. ಪೇಟೆಯ ಇಳಿಜಾರಿನಲ್ಲಿ ನನ್ನ ಕಾಲುಗಳು ಹೊಲಿಗೆ ಯಂತ್ರದ ಸೂಜಿಯಂತೆ ಕುಣಿಯುವುದನ್ನು ಕಂಡ ಬಾಮೈದ, "ಭಾವಾ, ಯಾರು ಅಟ್ಟಿಸ್ಕೊಂಡು ಬರ್ತಿದಾರೆ?" ಎಂದು ಕೂಗಿದ. ಉತ್ತರ ಹೊಳೆಯುವಷ್ಟರಲ್ಲಿ ನಾನು ಎರಡು ಬೀದಿ ದಾಟಿದ್ದೆ.

ನಮ್ಮ ಮನೆಯ ಗೇಟು ಹತ್ತು ಮಾರು ದೂರವಿರುವಾಗಲೇ ಬಲಗಾಲನ್ನು ಹಿಂದಿನಿಂದ ಎತ್ತಿ ಈಚೆಗೆ ತಂದು, ಎಡಗಾಲನ್ನು ಪೆಡಲ್ ಮೇಲೆ ಊರಿ, ನಿಂತೇ ತೇಲಿಬಂದು ಇಳಿಯುವುದು ನನ್ನ ಮೂವತ್ತು ವರ್ಷಗಳ ಅಭ್ಯಾಸ. ನನ್ನಲ್ಲಿರುವ ಗತ್ತೆಂದರೆ ಅದೊಂದೇ. ಮೊನ್ನೆ ಮರೆತು ಹಾಗೆಯೇ ಮಾಡಿದೆ. ಪೆಡಲ್ ನನ್ನನ್ನು ಸಕಲ ಗೌರವಗಳೊಂದಿಗೆ ಮೇಲಕ್ಕೆತ್ತಿ, ಎದುರುಮನೆಯ ಹೆಡ್‌ಮಾಸ್ಟರರ ಒಗೆದ ಬೆಡ್‌ಶೀಟುಗಳಿಗೆ ಒಪ್ಪಿಸಿತು. "ಬ್ರೇಕ್ ಹಿಡೀಬಾರ್ದಿತ್ತಾ?" ಎಂದರು ಅವರು. ಅದು ಇಲ್ಲವೆಂದೇ ಕೊಂಡದ್ದು ಎಂದು ಯಾವ ಬಾಯಲ್ಲಿ ಹೇಳಲಿ?

ಇದೆಲ್ಲ ನನ್ನ ಕರ್ಮ, ಇರಲಿ. "ನನ್ನನ್ನ ಎಲ್ಲಿ ಕೂರಿಸ್ತೀರಾ, ಹೆಗಲ ಮೇಲಾ?" ಎಂದು ಕೇಳಿದ ಹೆಂಡತಿ ಅಂದಿನಿಂದ ನಡೆದೇ ಹೋಗುತ್ತಿದ್ದಾಳೆ. ಈ ವಾರ ಎರಡು ಸಲ ತಡವಾಯಿತು; ಮೂರನೆಯದಾದರೆ, ಅವಳು ಜೀವದಂತೆ ಪ್ರೀತಿಸುವ ಹೆರಿಗೆ ವಾರ್ಡಿನಿಂದ ತೆಗೆದು ಔಷಧಿ ಗೋದಾಮಿಗೆ ಹಾಕುವುದಾಗಿ ಹೆಡ್ ನರ್ಸ್ ಹೇಳಿದ್ದಾರೆ.

ಆದ್ದರಿಂದ ದಯಮಾಡಿ ಊರಿನ ಇಳಿಜಾರುಗಳನ್ನೆಲ್ಲ ಮಟ್ಟ ಮಾಡಿಸಿಕೊಡಿ, ನಾನು ಬರುವಾಗ ಕೆಂಪಾಗಬಾರದೆಂದು ಸಿಗ್ನಲ್ ದೀಪಗಳಿಗೆ ಬುದ್ಧಿ ಹೇಳಿ, ಇಲ್ಲವೇ ಆಸ್ಪತ್ರೆಯನ್ನೇ ನಮ್ಮ ಬೀದಿಗೆ ತಂದಿಡಿ. ಇವು ಕಷ್ಟವೆನಿಸಿದರೆ ನನ್ನ ಹಳೆಯ ಸೈಕಲ್ಲನ್ನು ಹಿಂತಿರುಗಿಸಿ.

ಇನ್ನೂ ನಿಲ್ಲಲಾಗದ,
ತಮ್ಮ ವಿಶ್ವಾಸಿ,
ಬುಕ್ ಬೈಂಡರ್

ತಾ.ಕ.: ಹಳೆಯದು ಗುಜರಿಗೆ ಹೋಗಿ ಕರಗಿಯೇ ಹೋಯಿತೆಂದು ಫೋನಿನಲ್ಲಿ ತಿಳಿಸಿದಿರಿ. ಕರಗಿದ ಮೇಲೂ ಅದು ಬಹಳ ಚೆನ್ನಾಗಿ ಓಡುತ್ತಿದೆ. ತಾವು ಅದರ ಮೇಲೆ ಕುಳಿತು, ಇಳಿಜಾರಿನಲ್ಲಿ ಎರಡೂ ಕಾಲುಗಳನ್ನು ಒಂದಿಷ್ಟೂ ಅಲ್ಲಾಡಿಸದೆ, ಸಿಳ್ಳೆ ಹಾಕುತ್ತಾ ಸಾಗಿದ್ದನ್ನು ನನ್ನಾಕೆ ಇಂದು ಬೆಳಿಗ್ಗೆ ಕಣ್ಣಾರೆ ಕಂಡಳು. ನಾಳೆ ಏಳೂವರೆಗೆ ತಮ್ಮ ಮನೆಯ ಗೇಟಿನ ಬಳಿ ನಿಂತಿರುತ್ತಾಳಂತೆ. ಕ್ಯಾರಿಯರ್ ಒರೆಸಿಡಿ, ಆಸ್ಪತ್ರೆಯ ದಾರಿಯನ್ನು ಹಿಂದೆ ಕುಳಿತು ಅವಳೇ ಹೇಳುತ್ತಾಳೆ.