ಏಪ್ರನ್ ಮೇಲೆ ನಾಲ್ಕು ಡಬ್ಬಿ

"ಇನ್ನು ಮೇಲೆ ಈ ಮನೇಲಿ ವಿಂಡೋಸ್ ಅನ್ನೋ ಹೆಸರೇ ಕೇಳಿಸಕೂಡದು!"

ಭಾನುವಾರ ಬೆಳಿಗ್ಗೆ ಗಣಿತದ ಮೇಷ್ಟ್ರು ಹೀಗೆ ಘೋಷಿಸಿದರು. ಮನೆಯ ಏಕೈಕ ಕಂಪ್ಯೂಟರಿನಿಂದ ವಿಂಡೋಸ್ ಅಳಿಸಿ, ಅದರ ಜಾಗಕ್ಕೆ ಆಗತಾನೇ ಬಿಟ್ಟಿ ಸಿಗುವ ಲಿನಕ್ಸ್ ಹಾಕಿ ಮುಗಿಸಿದ್ದ ಅವರ ಮುಖದಲ್ಲಿ ಕೋಟೆ ಗೆದ್ದ ಕಳೆಯಿತ್ತು.

ಹೆಂಡತಿ ಮಾತ್ರ ಕೈಕೆಲಸ ಬಿಟ್ಟು ಓಡಿ ಬಂದಳು. "ರೀ, ನನ್ನ ಕಸೂತಿ ಸಾಫ್ಟ್‌ವೇರ್ ವಿಂಡೋಸಲ್ಲಿ ಮಾತ್ರ ಓಡೋದು! ಸಂಜೆ ಬೇಕರಿಯವರು ಹೆಸರು ಹೊಲಿದ ಏಪ್ರನ್‌ಗಳಿಗೆ ಬರ್ತಾರೆ. ನಾಳೆ ಅವರ ಅಂಗಡಿ ಶುರು. ನನ್ನ ಮೊದಲನೇ ದೊಡ್ಡ ಆರ್ಡರು ಕಣ್ರೀ!"

"ಅದಕ್ಕೂ ದಾರಿ ಇದೆ. ನಡುವೆ ಒಂದು ದುಭಾಷಿ ಪ್ರೋಗ್ರಾಂ ಕೂರಿಸಿದ್ರೆ ಆಯ್ತು. ತಾನಿರೋದು ವಿಂಡೋಸ್ ಮನೇಲೇ ಅಂತ ನಿನ್ನ ಸಾಫ್ಟ್‌ವೇರ್ ನಂಬಿಬಿಡುತ್ತೆ!"

"ನಂಬದೇ ಹೋದ್ರೆ?"

"ನೀನು ನನ್ನ ನಂಬಿ ಬರಲಿಲ್ವಾ?"

"ಅದೇ ಭಯ."

ಆದರೂ ನಂಬಿತು! ಸಾಫ್ಟ್‌ವೇರ್ ತೆರೆಯಿತು. ಹೂವಿನ ಅಂಚು ಬಂತು, ಬಣ್ಣ ಬಂತು. ಬೇಕರಿಯ ಹೆಸರಿನ ನಾಲ್ಕು ಅಕ್ಷರಗಳ ಜಾಗದಲ್ಲಿ ಮಾತ್ರ ಚೌಕಾಕಾರದ ನಾಲ್ಕು ಖಾಲಿ ಡಬ್ಬಿಗಳು!

"ಅಕ್ಷರ ಎಲ್ರೀ? ಬರೀ ಡಬ್ಬಿ ಕಾಣ್ತಿದೆ."

"ಡಬ್ಬಿ ಕಾಣೋದು ಹೊರಗೆ ಮಾತ್ರ. ಒಳಗೆಲ್ಲ ಸರಿಯಾಗಿದೆ. ನೀನು ಇನ್ನೊಂದಷ್ಟು ಕೆಂಪು ನೂಲು ತಗೊಂಡು ಬಾ, ಅಷ್ಟರಲ್ಲಿ ನಾನೇ ಹೊಲಿದಿಟ್ಟಿರ್ತೀನಿ."

ಅವಳು ಅತ್ತ ಹೋದಳು, ಇತ್ತ ಕಸೂತಿ ಯಂತ್ರ ಕಟಕಟ ಎಂದಿತು. ಮೊದಲ ಏಪ್ರನ್ ಮೇಲೆ ನಾಲ್ಕು ಡಬ್ಬಿಗಳು ಅಚ್ಚುಕಟ್ಟಾಗಿ ಮೂಡಿದವು. ಬೇರೆ ಯಾರೇ ಆಗಿದ್ದರೂ ಅಲ್ಲಿಗೇ ಕೈಬಿಡುತ್ತಿದ್ದರು. ಮೇಷ್ಟ್ರ ತಲೆ ಬೇರೆಯದೇ ಲೆಕ್ಕ ಹಾಕಿತು: ನಕ್ಷೆ ಬಿಡಿಸುವಾಗ ಮೊದಲು ಚೌಕ ಹಾಕಿ, ಆಮೇಲಲ್ಲವೇ ಗೆರೆ ಎಳೆಯುವುದು? ಇದು ಮೊದಲ ಸುತ್ತು! ಎಲ್ಲ ಏಪ್ರನ್‌ಗಳಿಗೂ ಮೊದಲ ಸುತ್ತು ಮುಗಿಸಿಬಿಡೋಣ!

ಮೂಲೆಯಲ್ಲಿ ಕೂತಿದ್ದ ಅವರ ತಾಯಿ ಕನ್ನಡಕ ಏರಿಸಿದರು. "ಏನೋ ಇದು, ಕಿಟಕಿ ಹೊಲೀತಿದ್ದೀಯಾ?"

"ಪಾಯ ಅಮ್ಮಾ, ಪಾಯ! ಮನೆ ಆಮೇಲೆ ಏಳುತ್ತೆ."

ಹೆಂಡತಿ ಬಂದು ರಾಶಿಯಿಂದ ಒಂದನ್ನು ಎತ್ತಿದಳು. ಇನ್ನೊಂದನ್ನು ಎತ್ತಿದಳು.

"ಎರಡನೇ ಸುತ್ತು ಬಾಕಿ ಇದೆ," ಎಂದರು ಮೇಷ್ಟ್ರು.

"ಎರಡನೇ ಸುತ್ತು ಅಂತ ಯಾವುದೂ ಇಲ್ಲ ಕಣ್ರೀ. ತೆರೆ ಮೇಲೆ ಏನಿದ್ಯೋ ಅದನ್ನೇ ಇದು ಹೊಲಿಯೋದು."

ಆಗ ಮೇಷ್ಟ್ರಿಗೆ ಹೊಳೆಯಿತು. ದುಭಾಷಿ ಬಂದಿತ್ತು, ಆದರೆ ಅಕ್ಷರಕ್ಕೆ ರೂಪ ಕೊಡುವ ಫಾಂಟನ್ನು ತಾವು ಹಾಕಿರಲೇ ಇಲ್ಲ, ಅದಕ್ಕೇ ಈ ಡಬ್ಬಿಗಳು! ಹೆಂಡತಿ ಕೂಗಾಡಿದ್ದರೆ ಅವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳು ತಣ್ಣಗೆ ಸಣ್ಣ ಕತ್ತರಿಯನ್ನು ಅವರ ಕೈಗಿಟ್ಟು "ಬಿಚ್ಚಿ" ಎಂದಳು. ಹಿಂದಿನ ಬೀದಿಯ ಫೋಟೋ ಸ್ಟುಡಿಯೋಗೆ ಹೋಗಿ, ಅಲ್ಲಿನ ವಿಂಡೋಸ್ ಕಂಪ್ಯೂಟರಿಗೆ ತನ್ನ ಸಾಫ್ಟ್‌ವೇರ್ ಹಾಕಿಸಿ, ವಿನ್ಯಾಸ ಸರಿಮಾಡಿ ಪೆನ್‌ಡ್ರೈವಿನಲ್ಲಿ ತಂದಳು. ಆ ಮಧ್ಯಾಹ್ನವೆಲ್ಲ ಮೇಷ್ಟ್ರು ಬಿಚ್ಚಿದರು, ಅವಳು ಹೊಲಿದಳು. ಬಿಚ್ಚುವ ಭರದಲ್ಲಿ ಒಂದು ಏಪ್ರನ್, ಡಬ್ಬಿಗಳಿಗೆ ಕತ್ತರಿ ತಾಕುವ ಮೊದಲೇ, ಅಂಚಿನಲ್ಲಿ ಪರ್ರೆಂದು ಹರಿಯಿತು. ಮುಂಜಾಗ್ರತೆಗೆ ಅವಳು ಒಂದು ಹೆಚ್ಚಿಗೆ ಹೊಲಿದಿಟ್ಟಿದ್ದರಿಂದ ಮಾನ ಉಳಿಯಿತು. ಬೇಕರಿಯವರು ಖುಷಿಯಾಗಿಯೇ ಹೋದರು.

ಮೇಷ್ಟ್ರು ಆ ಹರಿದ ಏಪ್ರನ್ ಕಟ್ಟಿಕೊಂಡು, ಯಾರೂ ಹೇಳದಿದ್ದರೂ ಪಾತ್ರೆ ತೊಳೆಯಲು ನಿಂತರು. ಎದೆಯ ಮೇಲೆ ನಾಲ್ಕು ಡಬ್ಬಿಗಳು ಕೆಂಪಗೆ ಹೊಳೆಯುತ್ತಿದ್ದವು.

"ಏನೇ ಬರೆದಿದೆ ಇವನೆದೆ ಮೇಲೆ?" ತಾಯಿ ಕೇಳಿದರು.

"ಏನಿಲ್ಲ ಅತ್ತೆ, ಖಾಲಿ ಡಬ್ಬಿ. ಅದು ಕಾಣೋದು ಹೊರಗೆ ಮಾತ್ರ, ಒಳಗೆಲ್ಲ ಸರಿಯಾಗಿದೆ ಅಂತ ಮದುವೆಯಾದಾಗಿಂದ ನಾನೂ ನಂಬ್ಕೊಂಡೇ ಇದ್ದೀನಿ!"